ನೆಲ ಡೊಂಕು

ನಮ್ಮ ಅತ್ತೆ ಯಮುನಮ್ಮ ಯಾವತ್ತೂ ವಸ್ತುವಿನ ಮೇಲೆ ತಪ್ಪು ಹೊರಿಸಿದವರಲ್ಲ. ಸಾರು ಸೀದರೆ ನಾನು ಒಲೆಯನ್ನು ಬೈಯುತ್ತೇನೆ, ರೊಟ್ಟಿ ಹರಿದರೆ ಹಿಟ್ಟನ್ನು. ಆಗೆಲ್ಲ ಅವರದು ಒಂದೇ ಮಾತು: "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ." ಮದುವೆಯಾಗಿ ಬಂದಾಗಿನಿಂದ ಈ ಗಾದೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಸೊರಬದ ನಮ್ಮ ಮನೆಯ ಮುಂಗೋಣೆಯಲ್ಲಿ ನಾನು ಲಗ್ನಪತ್ರಿಕೆಗಳಿಗೆ ಚಿತ್ರ ಬರೆದುಕೊಡುತ್ತೇನೆ. ಕಂಪ್ಯೂಟರಿಗೆ ಜೋಡಿಸಿದ ಡ್ರಾಯಿಂಗ್ ಟ್ಯಾಬ್ಲೆಟ್ ಇದೆ. ಅದರ ಮೇಲೆ ಪೆನ್ನಿನಿಂದ ಗೀಚಿದರೆ ಗೆರೆ ಎದುರಿನ ಪರದೆಯಲ್ಲಿ ಮೂಡುತ್ತದೆ. ಅತ್ತೆ ಅದನ್ನು ಪಾಟಿ ಎನ್ನುತ್ತಾರೆ.

ಅವರು ಹಸೆ ಚಿತ್ತಾರ ಬರೆಯುವವರು. ಕುಬಟೂರಿನ ಸುತ್ತ ನಮ್ಮವರ ಮದುವೆಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಅವರು ಎಳೆ ಎಳೆದರೆ ದಾರ ಹಿಡಿದು ನೋಡಿದರೂ ಡೊಂಕು ಸಿಗದು. ಕಳೆದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಿಧಾನಕ್ಕೆ ಚೇತರಿಸಿಕೊಂಡಿತು, ಅನ್ನ ಕಲೆಸುವಷ್ಟು, ಹೂ ಕಟ್ಟುವಷ್ಟು. ಈಗ ಅವರ ಅಣ್ಣನ ಮಗಳು ಮೈತ್ರಿಯ ಮದುವೆ. ಹಸೆಯನ್ನು ಅತ್ತೆಯೇ ಬರೆಯಬೇಕೆಂದು ಹುಡುಗಿಯ ಹಟ.

"ಗೋಡೆ ಕೆಡ್ಸಿದ್ರೆ ಅಪಶಕುನ. ಮೊದ್ಲು ನಿನ್ ಪಾಟಿ ಮೇಲೆ ಬರ್ದು ನೋಡ್ತೀನಿ ಶಶಿ. ಕೈ ಬಂದ್ರೆ ಹೋಗಾನ, ಇಲ್ದಿದ್ರೆ ಇಲ್ಲ," ಎಂದರು.

ಅಡ್ಡಕ್ಕಿದ್ದ ಪರದೆ ಕಂಡು ಮುಖ ಸಿಂಡರಿಸಿದರು. "ಗೋಡೆ ನಿಂತಿರ್ತದೆ. ಇದು ಮಲಗೈತಲ್ಲೇ!"

ನನ್ನ ಗಂಡ ಉದಯ ನಗುತ್ತ ಪರದೆಯನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿದ, ಸೆಟ್ಟಿಂಗಿನಲ್ಲಿ ಕಂಪ್ಯೂಟರಿಗೂ ಹಾಗೆಂದು ತಿಳಿಸಿ ಕೆಲಸಕ್ಕೆ ಹೋದ. ಪರದೆಗೆ ಹೊಂದಲಿ ಎಂದು ನಾನು ಪಾಟಿಯನ್ನೂ ಉದ್ದಕ್ಕೆ ತಿರುಗಿಸಿಟ್ಟೆ.

ಅತ್ತೆ ಕೈ ಮುಗಿದು, ಕೆಳಗಿನಿಂದ ಮೇಲಕ್ಕೆ ಒಂದು ಎಳೆ ಎಳೆದರು. ಪರದೆಯಲ್ಲಿ ಅದು ಪಕ್ಕಕ್ಕೆ ಹರಿಯಿತು. ಮತ್ತೊಮ್ಮೆ ಎಳೆದರು, ಮತ್ತೆ ಪಕ್ಕಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಲಕ್ವದ ಮೊದಲ ದಿನಗಳಲ್ಲೂ ಹೀಗೇ, ಲೋಟಕ್ಕೆ ಚಾಚಿದ ಕೈ ಇನ್ನೆಲ್ಲಿಗೋ ಹೋಗುತ್ತಿತ್ತು. ನಾನೂ ಅದೇ ಇರಬೇಕೆಂದುಕೊಂಡು, "ರೂಢಿ ಆಗ್ತದೆ ಅತ್ತೆ," ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಮೈತ್ರಿಗೆ ಹೇಳು. ಯಾರ್ದಾರ ಹಸೆ ಫೋಟೋ ತೆಗ್ದು ಫ್ಲೆಕ್ಸ್ ಮಾಡ್ಸಿ ಅಂಟಿಸ್ಕಳ್ಳಿ."

ಪಾಟಿಯನ್ನು ಒಂದು ಮಾತೂ ಬೈಯಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದು ಹೋದರು. ಅಂದು ಊಟವನ್ನು ಎಡಗೈಯಲ್ಲಿ ಚಮಚ ಹಿಡಿದು ಮಾಡಿದರು.

ಮಾರನೆಯ ದಿನ ಶಿಕಾರಿಪುರದ ಗಿರಾಕಿಯೊಬ್ಬರು ಪತ್ರಿಕೆಗೆ ಅವಸರ ಮಾಡಿದರು. ಉದ್ದಕ್ಕೇ ಇದ್ದ ಪಾಟಿಯ ಮುಂದೆ ಕೂತು ಬಾಳೆಕಂಬ ಬರೆಯಹೊರಟೆ. ಕಂಬ ಅಡ್ಡ ಮಲಗಿತು! ಇನ್ನೊಮ್ಮೆ ಎಳೆದೆ, ಮತ್ತೆ ಅಡ್ಡ. ಆಮೇಲೆ ಹೊಳೆಯಿತು. ಪರದೆ ತಿರುಗಿದ್ದನ್ನು ಕಂಪ್ಯೂಟರಿಗೆ ಹೇಳಿದ್ದೆವು, ಪಾಟಿ ತಿರುಗಿದ್ದನ್ನು ಯಾರೂ ಹೇಳಿರಲಿಲ್ಲ. ಅದರ ಲೆಕ್ಕದಲ್ಲಿ ಅದಿನ್ನೂ ಅಡ್ಡಕ್ಕೇ ಇತ್ತು, ನಾವು ಮೇಲೆ ಅಂದದ್ದು ಅದಕ್ಕೆ ಪಕ್ಕ. ಸಿಟ್ಟೂ ನಗುವೂ ಒಟ್ಟಿಗೇ ಬಂದವು.

ಸರಿಮಾಡುವ ಮೊದಲು ಅತ್ತೆಯನ್ನು ಕರೆದೆ. ಬಾಯಲ್ಲಿ ಹೇಳಿದರೆ ಸಮಾಧಾನದ ಮಾತೆಂದು ತಳ್ಳಿಹಾಕುವ ಹೆಂಗಸು. ಬಂದವರು ಬಾಗಿಲಲ್ಲೇ ನಿಂತರು.

"ನೋಡಿ ಅತ್ತೆ, ನಂಗೂ ಲಕ್ವ ಹೊಡ್ದದೆ," ಎಂದು ಮೇಲಕ್ಕೆ ಎಳೆದೆ. ಗೆರೆ ಪಕ್ಕಕ್ಕೆ ಓಡಿತು.

"ಬಿಡ್ತು ಅನ್ನೇ, ಹುಚ್ಚಿ!" ಧಾವಿಸಿ ಬಂದು ನನ್ನ ಕೈ ಹಿಡಿದುಕೊಂಡರು, ಬಲಗೈಯಲ್ಲೇ.

"ಬಿಡ್ತು. ಕೈಯಲ್ಲ ಅತ್ತೆ, ಈ ಸಲ ನೆಲಾನೇ ಡೊಂಕು."

ಸೆಟ್ಟಿಂಗಿನಲ್ಲಿ ಪಾಟಿಯನ್ನು ಕಾಲು ಸುತ್ತು ತಿರುಗಿಸಿ ಪೆನ್ನು ಕೊಟ್ಟೆ. ಅತ್ತೆ ನನ್ನ ಮುಖ ನೋಡಿದರು, ಪಾಟಿ ನೋಡಿದರು, ಎಳೆದರು. ಎಳೆ ಚೂರು ನಡುಗುತ್ತ ಹೊರಟು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ತುದಿ ಮುಟ್ಟುವವರೆಗೂ ಅವರು ಉಸಿರು ಬಿಡಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಎಳೆ, ಮತ್ತೊಂದು. ನಡುಕ ಕಡಿಮೆಯಾಗುತ್ತ ಬಂತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಬಲಗೈಗೆ ಬಿಡುವಿರಲಿಲ್ಲ.

"ಮೈತ್ರಿಗೆ ಫೋನ್ ಹಚ್ಚು," ಎಂದರು ತಲೆಯೆತ್ತದೆ. "ಫ್ಲೆಕ್ಸು ಗಿಕ್ಸು ಏನೂ ಬ್ಯಾಡ. ಗೋಡೆಗೆ ಕೆಮ್ಮಣ್ಣು ಬಳ್ದಿಡು ಅಂತ ಹೇಳು."