ಗಾಳಿಕಂಬಕ್ಕೆ ಕಟ್ಟಿದ ಟವಲು

ಎಷ್ಟು ಒತ್ತಿ ಮಡಿಸಿದರೂ ಮಡಿಕೆ ನಿಲ್ಲುವುದಿಲ್ಲ ಈ ಟವಲಿನಲ್ಲಿ, ಕೈ ತೆಗೆದರೆ ಮತ್ತೆ ಎದ್ದು ಕೂರುತ್ತವೆ ಮೂರು ಕುಳಿ, ಮೂರು ಪುಟ್ಟ ಬಟ್ಟಲು ಒಳಗೆ ಕೂತಿದ್ದು ಈಗಷ್ಟೇ ಎದ್ದು ಹೋದ ಹಾಗೆ — ಒದ್ದೆ ಮಾಡಿ ಕಟ್ಟಿದ್ದಾನೆ, ತೆಂಗಿನ ಮರ ಹತ್ತುವವನ ಬುದ್ಧಿ, ಒದ್ದೆಯಲ್ಲಿ ಹಾಕಿದ ಗಂಟು ಒಣಗಿದರೆ ಬಿಗಿಯುತ್ತದೆ ಅಂತ ಅವನಿಗೆ ಗೊತ್ತು, ಆಮೇಲೆ ಹನ್ನೊಂದು ದಿನ ಬಿಸಿಲು, ಇಬ್ಬನಿ, ಬಿಸಿಲು, ಕೆಂಪು ಮಾಸಿ ಇಟ್ಟಿಗೆ ಪುಡಿಯ ಬಣ್ಣ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೇ ಲಿಂಗಯ್ಯ ಬಂದು ಜಗಲಿಯ ಮೇಲೆ ಇಟ್ಟ, ಅವ್ವೋರೆ, ಇದ ಮಡಿಕ್ಕಳಿ, ಇಂಜಿನಿಯರಪ್ಪ ಕೇಳುದ್ರೆ ಕಟ್ಟಿದ್ದು ಲಿಂಗಯ್ಯನೇ ಅನ್ನಿ, ಪೊಲೀಸ್ನೋರ್ಗೆ ಇಡ್ಕೊಟ್ರೂ ಸರಿಯೆ, ಊರ್ನೋರ್ ಮ್ಯಾಕೆ ಬರೋದು ಬ್ಯಾಡ — ಅಂದವನು ಗೇಟಿನ ತನಕ ಹೋಗಿ ತಿರುಗಿ ಬಂದ, ಹಿತ್ಲು ಮರದಲ್ಲಿ ಒಣಗರಿ ಜೋತಾಡ್ತದೆ, ಅದ್ರ ಕೆಳ್ಗೆ ಕೂತ್ಕಬ್ಯಾಡಿ, ನಾಳಿಕ್ ಬಂದು ಕಿತ್ತಾಕ್ತೀನಿ. ತನ್ನ ತಲೆಯ ಮೇಲೆ ಪೊಲೀಸರ ಭಯ ತೂಗುತ್ತಿದೆ, ಅವನು ನೋಡುವುದು ನನ್ನ ತಲೆಯ ಮೇಲಿನ ಗರಿಯನ್ನು.

ಹನ್ನೊಂದು ಗಂಟೆಗೆ ಕಂಪನಿಯ ಇಂಜಿನಿಯರ್ ಕಾಂತರಾಜ್ ಬರುತ್ತಾನೆ, ಬಂದು ಗಾಳಿ ಅಳೆಯುವ ಕಂಬ ಇಳಿಸಿಕೊಂಡು ಹೋಗುತ್ತಾನೆ, ಕಂಬ ಹೋದರೆ ಬೋರೆಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯಂತ್ರಗಳು ಬರುವುದಿಲ್ಲ, ಅಷ್ಟೇ, ಇನ್ನೊಂದು ಗಂಟೆಯ ಮಾತು. ಉಷಾರಾಣಿ ಒಳಗೆ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಾಳೆ, ಪಂಚಾಯಿತಿ ಮೆಂಬರು ನನ್ನ ಸೊಸೆ, ಈ ಕಂಪನಿಯವರನ್ನು ಊರಿಗೆ ಕರೆತರಲು ಹುಣಸೂರಿಗೆ ಎಷ್ಟು ಸಲ ಬಸ್ಸು ಹತ್ತಿದಳೋ, ಅತ್ತೆ, ನೀವು ಏನೂ ಮಾತಾಡಕ್ಕೋಗ್ಬೇಡಿ, ಕಟ್ಟಿದ್ರು ಅಂತ ಗೊತ್ತಾದ್ರೆ ಕೇಸು, ಸುಮ್ನಿದ್ರೆ ಕಂಬ ಹೋಗತ್ತೆ ಅಷ್ಟೆ, ಹೋಗ್ಲಿ ಬಿಡಿ — ಹೋಗಲಿ ಅನ್ನುವಾಗ ಲೋಟ ಕುಕ್ಕಿದ ಸದ್ದು ಕೇಳಿದರೆ ಅವಳಿಗೆ ಹೋಗಲಿ ಅಂತ ಇಲ್ಲ. ಆದರೂ ಕಾಫಿಗೆ ಬೆಲ್ಲ ನನಗೆ ಬೇಕಾದಷ್ಟೇ ಹಾಕಿದ್ದಳು. ಸಿಟ್ಟಿನಲ್ಲೂ ಅವಳಿಗೆ ಅಳತೆ ತಪ್ಪುವುದಿಲ್ಲ.

ಕಾಂತರಾಜ್ ಒಳ್ಳೆಯ ಹುಡುಗ, ಮೊದಲನೇ ದಿನ ಬಂದಾಗ ಕಣದ ಅಂಚಿನಲ್ಲಿ ಯಾರೂ ಹೇಳದೆ ಬೂಟು ಬಿಚ್ಚಿದ, ರಾಗಿ ತುಳಿಸುವ ಜಾಗಕ್ಕೆ ಮೆಟ್ಟು ಹಾಕಿಕೊಂಡು ಬರಬಾರದು ಅಂತ ಅವನ ಮನೆಯಲ್ಲೂ ಹೇಳಿಕೊಟ್ಟಿರಬೇಕು, ಕಾಲ್ಚೀಲದ ಹೆಬ್ಬೆಟ್ಟು ಹರಿದಿತ್ತು, ನಾಚಿಕೊಂಡ. ಒಂದು ವರ್ಷ ಗಾಳಿ ಅಳೀತೀವಿ ಅಮ್ಮ, ಮೇಲೆ ಮೂರು ಬಟ್ಟಲು ತಿರುಗ್ತಾ ಇರತ್ತೆ, ಕೆಳಗಿನ ಪೆಟ್ಟಿಗೇಲಿ ಬರೆದುಕೊಳ್ತಾ ಇರತ್ತೆ. ಬೋರೆಯ ಕಲ್ಲುನೆಲದಲ್ಲಿ ಗೂಟ ಹೊಡೆದ, ಒಂದೊಂದು ಗೂಟದ ಜಾಗದಲ್ಲಿ ಒಂದೊಂದು ಯಂತ್ರ, ನಾಲ್ಕನೇ ಗೂಟ ಕುಳ್ಳಮ್ಮನ ಅರ್ಧ ಎಕರೆಯಲ್ಲಿ, ಹುರುಳಿ ಕೂಡ ಸರಿಯಾಗಿ ಬಾರದ ಜಾಗ, ಕುಳ್ಳಮ್ಮ ಗೂಟದ ಸುತ್ತ ಸಗಣಿ ಸಾರಿಸಿ ರಂಗೋಲಿ ಹಾಕಿದಳು, ನನ್ ಒಲದಲ್ಲಿ ಮೊದ್ಲನೇ ಸಲ ಏನೋ ನೆಟ್ಟು ನಿಂತದೆ ಕಣವ್ವ. ಆ ಕುಳ್ಳಮ್ಮ ಕೆಳಗಿನ ಗುತ್ತಿಗೆ ಹೊಲದಲ್ಲಿ ಬೆಳೆದ ರಾಗಿಯೇ, ಸಂಕ್ರಾಂತಿ ಕಳೆದ ಮೇಲೆ ತುಳಿಸಿ ರಾಶಿ ಹಾಕಿದ್ದು, ತೂರಲು ಗಾಳಿಯಿಲ್ಲ, ಒಂದು ದಿನ, ಎರಡು, ನಾಲ್ಕು, ಹಗಲೆಲ್ಲ ಮೊರ ಹಿಡಿದು ಮಣೆಯ ಮೇಲೆ ನಿಲ್ಲುತ್ತಾಳೆ, ಸಂಜೆ ಗೋಣಿಚೀಲ ಹೊದಿಸಿ ಇಳಿಯುತ್ತಾಳೆ, ಒಂದು ಎಲೆ ಅಲುಗಲಿಲ್ಲ. ನಿಮ್ ಕಂಬ್ವೇ ಕಣವ್ವ ಗಾಳಿ ನುಂಗಿರೋದು, ಒಟ್ಟೆ ಕುಯ್ದು ನೋಡಿ ಬೇಕಾದ್ರೆ — ಕಣದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ಲಿಂಗಯ್ಯ ಒಬ್ಬ ನಗಲಿಲ್ಲ. ಮಾರನೇ ಬೆಳಿಗ್ಗೆ ನೋಡಿದರೆ ಕಂಬದ ತುದಿಯಲ್ಲಿ ಕೆಂಪು, ಮೂರು ಬಟ್ಟಲನ್ನೂ ಸೇರಿಸಿ ಬಿಗಿದಿದೆ, ಕಾವಲಿನ ರುದ್ರಸ್ವಾಮಿ ಹಬ್ಬಕ್ಕೆ ಊರಿಗೆ ಹೋದವನು ತಿಂಗಳು ಮುಗಿಯುವ ತನಕ ಬರಲೇ ಇಲ್ಲ, ನೋಡುವವರು ಯಾರೂ ಇಲ್ಲ — ಮಧ್ಯಾಹ್ನದ ಹೊತ್ತಿಗೆ ಮೂಡಲ ಗಾಳಿ ಬಂತು. ಎಂಥ ಗಾಳಿ! ಆಮೇಲೆ ಬಿಚ್ಚುವ ಧೈರ್ಯ ಯಾರಿಗೆ? ಹನ್ನೊಂದು ದಿನ, ಊರಿನ ರಾಶಿಯೆಲ್ಲ ತೂರಿ ಮುಗಿಯುವ ತನಕ, ನಾನು ದಿನಾ ನೋಡಿದೆ, ಬಿಚ್ಚು ಅಂತ ಹೇಳಲಿಲ್ಲ, ಗಾಳಿ ಬಂದದ್ದು ಟವಲಿನ ಮಹಿಮೆಯಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ, ಆದರೂ. ಕಾಂತರಾಜ್ ಹೋದ ವಾರ ಪೆಟ್ಟಿಗೆ ಬಿಚ್ಚಿ ನೋಡಿ ಬಂದು ಇದೇ ಜಗಲಿಯಲ್ಲಿ ಕೂತ, ಹನ್ನೊಂದು ದಿನ ಸೊನ್ನೆ ಅಮ್ಮ, ಅದಕ್ಕೆ ಮುಂಚೆ ನಾಲ್ಕು ದಿನ ಬರೀ ಚೂರುಪಾರು, ಅಷ್ಟು ದಿನ ಗಾಳಿ ಸಾಯೋ ಜಾಗ ಬೇಡ, ಕಂಬ ಕಿತ್ತು ಬೇರೆ ಕಡೆ ನೆಡಿ ಅಂದಿದ್ದಾರೆ ಮೇಲಿನವರು. ಮುಖ ಸಣ್ಣಗೆ ಮಾಡಿಕೊಂಡು ಹೇಳಿದ, ಅವನದೇ ತಪ್ಪೇನೋ ಅನ್ನುವ ಹಾಗೆ, ನಾನು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ, ಲಿಂಗಯ್ಯನನ್ನು ಹೇಗೆ ಹಿಡಿದುಕೊಡಲಿ ಅಂತ.

ಲಿಂಗಯ್ಯನನ್ನು — ಅಲ್ಲ, ತಡಿ, ದೀಪಾವಳಿ ತಿಂಗಳು, ಕಾಯಿ ಕೆಡವಿ ಇಳಿದವನು ಎಳನೀರು ಕೆತ್ತುತ್ತಾ ಬೋರೆಯ ಕಡೆ ನೋಡಿದ, ಅವ್ವೋರೆ, ಆ ಬಟ್ಲು ಗಾಳಿ ತಿಂತದಾ? ತಿನ್ನದೇ ಇದ್ರೆ ತಿರುಗೋದೆಂಗೆ? ನನಗೆ ಎಷ್ಟು ಸಂತೋಷವಾಯಿತು! ಐವತ್ತಾರನೇ ಇಸವಿಯಲ್ಲಿ ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಮುಗಿಸಿದವಳು, ನಲವತ್ತೇಳು ವರ್ಷ ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಲಿಲ್ಲ, ಸೆರಗು ಸರಿಮಾಡಿಕೊಂಡು ಮೇಷ್ಟ್ರ ಹಾಗೆ ಹೇಳಿದೆ, ತಗೊಳ್ಳತ್ತೆ ಲಿಂಗಯ್ಯ, ಪುಕ್ಕಟೆ ಯಾವುದೂ ತಿರುಗಲ್ಲ, ಒಂದು ಚೂರು, ಕಾಣದಷ್ಟು ತಗೊಳ್ಳತ್ತೆ. ಅವನು ತಲೆದೂಗಿದ. ನಾನೇ ಹೇಳಿದ್ದು, ಸುಳ್ಳೂ ಅಲ್ಲ, ಆ ಕಾಣದಷ್ಟು ಗಾಳಿಯಾದರೂ ಕುಳ್ಳಮ್ಮನ ಮೊರಕ್ಕೆ ಸಿಗಲಿ ಅಂತ ಅರವತ್ತರ ಮುದುಕ ಇಬ್ಬನಿಯಲ್ಲಿ ಕಬ್ಬಿಣ ಹತ್ತಿದ್ದಾನೆ, ಒಂದು ಚೂರಿಗೆ, ಅವಳು ಅವನಿಗೆ ನೆಂಟಳೂ ಅಲ್ಲ. ಕೈ ಅವನದು, ಮಾತು ನನ್ನದು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ — ಹೊಳೆದ ಮೇಲೆ ಹೆದರಿಕೆ ಯಾಕೆ ಇಲ್ಲ, ಪರೀಕ್ಷೆಯ ಕೋಣೆಯಲ್ಲಿ ಉತ್ತರ ಗೊತ್ತಿದ್ದ ಪ್ರಶ್ನೆಯೇ ಬಂದಾಗ ಆಗುತ್ತಿತ್ತಲ್ಲ, ಹಾಗೆ ಎದೆ ತಣ್ಣಗಿದೆ. ಹೇಳುತ್ತೇನೆ, ಕಟ್ಟಿಸಿದವಳು ನಾನು ಕಾಂತರಾಜ್, ಕೇಸು ಹಾಕುವುದಿದ್ದರೆ ನನ್ನ ಹೆಸರು ಬರೆದುಕೊ, ನೀಲಾಂಬಿಕೆ ಅಂತ, ನಿನ್ನ ಪೆಟ್ಟಿಗೆಯಲ್ಲಿ ಸೊನ್ನೆ, ಬಾ, ಕಣದಲ್ಲಿ ಏನಿದೆ ತೋರಿಸುತ್ತೇನೆ. ಕುಳ್ಳಮ್ಮನ ಮಣೆಯಿಂದ ಲಂಟಾನ ಬೇಲಿಯ ತನಕ ನಿನ್ನೆ ಹೆಜ್ಜೆ ಹಾಕಿ ನೋಡಿದ್ದೇನೆ, ಮೂವತ್ನಾಲ್ಕು ಹೆಜ್ಜೆ, ಅಷ್ಟು ದೂರ ಹಾರಿದ ಹೊಟ್ಟು ಬೇಲಿಗೆ ಒತ್ತಿಕೊಂಡು ಮೊಣಕಾಲುದ್ದ ಕೂತಿದೆ, ಬೇರೆ ವರ್ಷಗಳಲ್ಲಿ ಇಪ್ಪತ್ತು ದಾಟುವುದಿಲ್ಲ, ಹನ್ನೊಂದು ದಿನದ ಗಾಳಿಯೆಲ್ಲ ಅಲ್ಲಿದೆ, ಮುಟ್ಟಿ ನೋಡು. ಬೂಟು ಬಿಚ್ಚುವ ಹುಡುಗನಿಗೆ ಹೊಟ್ಟು ಓದಲು ಬರುತ್ತದೆ. ಮೇಲಿನವರಿಗೆ ಏನು ಬರೆಯಬೇಕೋ ಅವನೇ ಬರೆಯಲಿ.

ಗಾವಡಗೆರೆ ಕಡೆಯ ತಿರುವಿನಲ್ಲಿ ಜೀಪಿನ ಸದ್ದು, ಅತ್ತೇ, ಒಳಗೆ ಬನ್ನಿ — ಇಲ್ಲ ಉಷಾ, ಕಣಕ್ಕೆ ಹೋಗುತ್ತೇನೆ, ನೀನೂ ಬಾ, ಅವಳು ಕೈಯೊರೆಸಿಕೊಂಡು ಬಂದಳು, ನನ್ನ ಮೊಣಕೈ ಹಿಡಿದುಕೊಂಡಳು. ಆ ಕಡೆ ಕುಳ್ಳಮ್ಮ ಬೇಲಿಯ ಹತ್ತಿರ ನಿಂತಿದ್ದಾಳೆ, ಲಿಂಗಯ್ಯ ಅವಳಿಂದ ದೂರ ಒಬ್ಬನೇ ನಿಂತಿದ್ದಾನೆ, ಬರಿ ಹೆಗಲು, ಈ ಟವಲು ಕಂಬ ಹತ್ತುವ ತನಕ ಹಾಗೆ ಅವನನ್ನು ನೋಡಿಯೇ ಇರಲಿಲ್ಲ ನಾನು. ಕಾಂತರಾಜ್ ಕಣದ ಅಂಚಿನಲ್ಲಿ ಬಗ್ಗಿದ, ಬೂಟಿನ ದಾರಕ್ಕೆ ಕೈ ಹಾಕಿದ. ನಾನು ಟವಲು ಬಿಡಿಸಿ ಎತ್ತಿ ಹಿಡಿದೆ, ಮೂಡಲಿಂದ ಗಾಳಿ ಬಂತು, ಬಟ್ಟೆ ಪಟಪಟ ಬಡಿಯಿತು, ಆದರೂ ನಡುವೆ ಮಾಸಿದ ಕೆಂಪಿನಲ್ಲಿ ಅವು ಅಲುಗುತ್ತಿಲ್ಲ, ಮೂರು ಕುಳಿ, ಗಾಳಿ ತುಂಬಿದ ಮೂರು ಬಟ್ಟಲು, ಅಷ್ಟು ಗಾಳಿಯಲ್ಲಿ ತಿರುಗದೆ ನಿಂತ ಮೂರು ಬಟ್ಟಲು —