ಭಾಳ ಆರಾಮಿಲ್ಲ

ಎಪ್ಪತ್ತೆಂಟನೆಯ ಇಸವಿ. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತ ವರ್ಷ. ಆಯಿ, ಅಪ್ಪನ ತಾಯಿ, ಮೂರು ದಿನದಿಂದ ಗಂಜಿಯನ್ನೂ ಬಿಟ್ಟಿದ್ದಳು. ಕಣ್ಣು ತೆರೆದಾಗಲೆಲ್ಲ ಒಂದೇ ಮಾತು: "ಜಕ್ಕಪ್ಪ ಬಂದ್ನೇನು?"

ಜಕ್ಕಪ್ಪ ನನ್ನ ಕಾಕಾ, ಆಯಿಯ ಕಿರಿಮಗ. ಕುರಿ ಹೊಡೆದುಕೊಂಡು ನಾಲ್ಕು ಗುಡ್ಡದಾಚೆ ಹಟ್ಟಿ ಹಾಕಿದ್ದ. ಅಲ್ಲಿಗೆ ಗಾಡಿ ದಾರಿಯೂ ಇಲ್ಲ. ಅಪ್ಪ ಡಾಕ್ಟರನ್ನು ಕರೆಯಲು ಬೀಳಗಿಗೆ ಹೊರಟಿದ್ದ. ಸಾಲಿಗೆ ಸೂಟಿ ಬಿಟ್ಟಾಗ ಕಾಕಾನ ಬೆನ್ನು ಹತ್ತಿ ತಿರುಗಿ ಆ ಕಾಲುದಾರಿ ಬಲ್ಲವಳು ಮನೆಯಲ್ಲಿ ನಾನೊಬ್ಬಳೇ.

"ಅವ್ವ ಹೆಸರು ಹಿಡದು ಕೇಳಾಕತ್ತಾಳ ಅಂತ ಹೇಳು," ಅಂದ ಅಪ್ಪ. "ಅಷ್ಟ ಹೇಳು. ಬ್ಯಾರೆ ಮಾತು ಬ್ಯಾಡ."

ಬೆಳಗು ಹರಿಯುವ ಮೊದಲೇ ಹೊರಟೆ. ಮಾತಾಡುವುದೆಂದರೆ ನನಗೆ ಗುಡ್ಡ ಹತ್ತುವುದಕ್ಕಿಂತ ಕಷ್ಟ. ಅದಕ್ಕೇ ಆ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮೊದಲ ಗುಡ್ಡ ನಮ್ಮ ಮನೆಯ ಹಿಂದಿನದೇ, ಉಸಿರು ಕಟ್ಟಲಿಲ್ಲ. ಎರಡನೆಯದು ಬರೀ ಬಂಡೆ. ಕೈ ಊರಿ ಹತ್ತುವಾಗ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಎರಡನ್ನೂ ಸೆರಗಿಗೆ ಕಟ್ಟಿಕೊಂಡೆ. ಮೂರನೆಯದರ ನೆತ್ತಿ ಒಂಟೆಯ ಬೆನ್ನಿನಂತೆ, ಎರಡೂ ಕಡೆ ಇಳಿಜಾರು. ಗಾಳಿ ತಳ್ಳಿದಾಗ ಕೂತುಬಿಟ್ಟೆ. ದೂರದಲ್ಲಿ ಕೃಷ್ಣೆ ಬೂದಿಯ ಗೆರೆಯಂತೆ ಕಂಡಿತು. ಕೂತಲ್ಲೇ ಮತ್ತೆ ಅಂದುಕೊಂಡೆ: ಹೆಸರು ಹಿಡದು ಕೇಳಾಕತ್ತಾಳ. ನಾಲ್ಕನೆಯದರಲ್ಲಿ ಸಡಿಲ ಕಲ್ಲು ಜಾರಿ ಮೊಣಕಾಲು ಕೆತ್ತಿತು.

ಹೊತ್ತು ನೆತ್ತಿಗೆ ಬಂದಾಗ ಹಟ್ಟಿ ಮುಟ್ಟಿದೆ. ಕಾಕಾನ ಜೊತೆ ಕಾಶಪ್ಪ, ಇನ್ನಿಬ್ಬರು ಕುರುಬರು ರೊಟ್ಟಿ ತಿನ್ನುತ್ತಿದ್ದರು.

"ಏನ ಬೇ ಶೇವಂತಿ," ಕಾಶಪ್ಪ ನಕ್ಕ. "ಬಿ.ಎ. ಓದಿ ಕುರಿ ಕಾಯಾಕ ಬಂದಿಯೇನು? ನಮ್ಮ ಟಗರಿಗೂ ನಾಕು ಅಕ್ಷರ ಕಲಿಸು."

ಎಲ್ಲರೂ ನನ್ನನ್ನೇ ನೋಡಿದರು. ನಾಲ್ಕು ಗುಡ್ಡ ಹೊತ್ತು ತಂದ ಮಾತು ಅಲ್ಲೇ ಉದುರಿತು. ತಲೆ ತಗ್ಗಿಸಿ ಅಂದೆ: "ಆಯಿಗಿ ಭಾಳ ಆರಾಮಿಲ್ಲ, ಕಾಕಾ. ಲಗು ಬಾ."

ಕಾಶಪ್ಪ ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಾಕಾನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ನಮ್ಮ ಕಡೆ ಸಾವಿನ ಸುದ್ದಿ ಒಯ್ದವರು 'ಸತ್ತರು' ಅನ್ನುವುದಿಲ್ಲ. ಕೇಳಿದವರ ಕಾಲು ದಾರಿಯಲ್ಲಿ ಸೋಲಬಾರದೆಂದು 'ಭಾಳ ಆರಾಮಿಲ್ಲ' ಅನ್ನುತ್ತಾರೆ. ಸಣ್ಣಾಕೆಯಿದ್ದಾಗಿನಿಂದ ಬಲ್ಲೆ.

"ಇಲ್ಲ ಕಾಕಾ, ಖರೇನ ಅದಾಳ. ನಿನ್ನ ಕೇಳಾಕತ್ತಾಳ."

"ಹೌದವ್ವಾ," ಎಂದು ನನ್ನ ತಲೆ ಸವರಿದ. "ಹಂಗ ಹೇಳಬೇಕು. ಛಲೋ ಕಲತಿ."

ಆಯಿಯೇ ಸಾಕಿ ಕೊಟ್ಟ ಹನ್ನೊಂದು ಕುರಿಗಳನ್ನು ಹಿಂಡಿನಿಂದ ಬೇರೆ ಮಾಡಿದ. "ಇವು ಆಕಿನ್ನ ಒಮ್ಮಿ ನೋಡ್ಲಿ," ಅಂದ. ಲಗು ಹೋಗೋಣವೆಂದರೆ, "ಇನ್ನ ಅವಸರ ಎದಕ? ನಾ ಬರೂತನಕ ಅಣ್ಣ ಮಣ್ಣು ಕೊಡಂಗಿಲ್ಲ."

ಕುರಿಗಳು ಬಂಡೆ ಹತ್ತಲಾರವೆಂದು ಗುಡ್ಡಗಳನ್ನು ಬಳಸಿ ನಡೆದೆವು, ಕುರಿಯ ಹೆಜ್ಜೆಗೆ ನಮ್ಮ ಹೆಜ್ಜೆ. ಆಯಿ ಬದುಕಿದ್ದಾಳೆಂದು ಮತ್ತೆರಡು ಸಲ ಹೇಳಿದೆ. ಎರಡನೆಯ ಸಲ ಅವನು ಹಿಂದಿರುಗಿಯೂ ನೋಡಲಿಲ್ಲ, ಮನೆದೇವರು ಬೀರಪ್ಪನ ಹೆಸರು ಹೇಳುತ್ತ ನಡೆದ. ನಾನೊಬ್ಬಳೇ ಮುಂದೆ ಓಡಬಹುದಿತ್ತು. ಓಡಿ ಏನು ಮಾಡಲಿ? ಆಯಿಗೆ ಬೇಕಾದವನು ಕುರಿಗಳ ಹಿಂದಿದ್ದ.

ಮನೆಯ ಹಿಂದಿನ ಗುಡ್ಡ ಮಾತ್ರ ಹತ್ತಲೇಬೇಕಿತ್ತು. ಹೊತ್ತು ಇಳಿದಿತ್ತು. ನೆತ್ತಿಯ ಮೇಲೆ ಕಾಕಾ ಗಕ್ಕನೆ ನಿಂತ. ಕೆಳಗೆ ನಮ್ಮ ಒಂಟಿ ಮನೆ. ಅಂಗಳದಲ್ಲಿ ಮಂದಿಯಿಲ್ಲ. ಅಡಿಗೆಮನೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ.

"ಒಲಿ ಹೊತ್ತೈತಿ," ಅಂದ ಕಾಕಾ, ನನ್ನ ಮುಖ ನೋಡಿದ. ಕೋಲನ್ನು ನನ್ನ ಕೈಗೆ ತುರುಕಿ ಇಳಿಜಾರಿನಲ್ಲಿ ಓಡಿದ, ಐವತ್ತು ದಾಟಿದವನು, ಬಿದ್ದು ಎದ್ದು.

ಕುರಿಗಳ ಜೊತೆ ನಾನು ಅರ್ಧ ಇಳಿದಿದ್ದೆ. ಹೊಗೆ ಒಮ್ಮೆ ದಪ್ಪಗೆ ಎದ್ದು ನಿಂತುಹೋಯಿತು. ಯಾರೋ ಒಲೆಗೆ ನೀರು ಸುರಿದಿದ್ದರು. ಕಾಕಾ ಆಗಿನ್ನೂ ಕೆಳಗಿನ ಹೊಲದಲ್ಲಿ ಓಡುತ್ತಿದ್ದ.

ಒಳಗೆ ಹೋದಾಗ ಅವನು ಆಯಿಯ ಕೈ ಹಿಡಿದು ಕೂತಿದ್ದ. ನನ್ನ ಕೈಯನ್ನೂ ಎಳೆದು ಅದರ ಮೇಲಿಟ್ಟ.

"ನೀ ಖರೇನ ಹೇಳಿದ್ದಿ ಬೇ," ಅಂದ. "ನೋಡು, ಇನ್ನೂ ಬೆಚ್ಚಗೈತಿ."