ಅರಿಶಿಣದ ತಟ್ಟೆಯಲ್ಲಿ ಪಂಪು

ಆ ಮಾತು ಕಿವಿಗೆ ಬಿದ್ದದ್ದೇ ತಡ, ರಾಮಲಕ್ಷ್ಮಮ್ಮನ ಮೈಯೆಲ್ಲ ಉರಿದುಹೋಯಿತು. ದಿವ್ಯಳ ಅರಿಶಿಣ ಶಾಸ್ತ್ರಕ್ಕೆ ಸೋಬಾನೆ ಬೇಡವಂತೆ, ಸ್ಪೀಕರಿನಲ್ಲಿ ಹಾಡು ಹಾಕುತ್ತಾರಂತೆ. ಹೇಳಿದವನು ದಿವ್ಯಳ ಅಪ್ಪ ಕೋದಂಡರಾಮಪ್ಪ, ಇವಳೇ ಎತ್ತಿ ಆಡಿಸಿದ ಮೈದುನ.

"ಶಾಸ್ತ್ರದ ಮಧ್ಯೆ ನೀನು ಏದುಸಿರು ಬಿಟ್ರೆ ಜನ ಅಪಶಕುನ ಅಂತಾರೆ ಅತ್ತಿಗೆ. ಸುಮ್ನೆ ಕೂತ್ಕೊಂಡು ನೋಡು." ಹೇಳುವಾಗಲೂ ಅವನ ಬೆರಳ ಸಂದಿಯಲ್ಲಿ ಬೀಡಿ.

ಆ ಬೀಡಿಯ ಹೊಗೆ, ರೇಷ್ಮೆಗೂಡು ಬೇಯಿಸುವ ಒಲೆಯ ಹೊಗೆ, ಎರಡನ್ನೂ ಕುಡಿದೇ ಅವಳ ಶ್ವಾಸಕೋಶ ಕೆಟ್ಟದ್ದು. ವಾಸಿಯಾಗುವ ಕಾಯಿಲೆಯಲ್ಲ ಎಂದು ಕೋಲಾರದ ಡಾಕ್ಟರು ಬಾಯಿಗಿಟ್ಟು ಎಳೆಯುವ ಪಂಪು ಕೊಟ್ಟಿದ್ದರು. ಅದನ್ನು ಕದ್ದ ಮಾಲಿನಂತೆ ಸೆರಗಿನಲ್ಲಿ ಮುಚ್ಚಿಟ್ಟು ಕೊಟ್ಟಿಗೆಯ ಮರೆಯಲ್ಲಿ ಎಳೆದುಕೊಳ್ಳುತ್ತಿದ್ದಳು. ಹಾಡು ಮಾತ್ರ ಬಿಟ್ಟಿರಲಿಲ್ಲ. ಕ್ಯಾಲನೂರಿನ ಡೇರಿಗೆ ಹಾಲು ಹಾಕಿ ಬರುವಾಗ ಮೂಗಿನಲ್ಲಿ ಉಸಿರು ತುಂಬಿ, ತುಟಿ ಕೂಡಿಸಿ ಮೆಲ್ಲಗೆ ಬಿಡುತ್ತ, ಒಂದೊಂದೇ ಸೊಲ್ಲು ಹಾಡಿಕೊಳ್ಳುವಳು. ಉದ್ದನೆಯ ಸೊಲ್ಲನ್ನು ಎಲ್ಲಿ ಮುರಿದರೆ ಕೇಳುವವರಿಗೆ ತಿಳಿಯದು ಎಂಬುದನ್ನೂ ಕಲಿತಿದ್ದಳು. ಇಷ್ಟೆಲ್ಲ ಒದ್ದಾಡಿದ್ದು ದಿವ್ಯಳ ಮದುವೆಗೆ ಹಾಡಲೆಂದೇ. ಬೇಡ ಅನ್ನುವುದಕ್ಕೆ ಇವನ್ಯಾವ ಸೀಮೆಯ ದೊಡ್ಡಮನುಷ್ಯ? ದಿವ್ಯಳನ್ನು ಹಸೆಯ ಮೇಲೆ ಕೂರಿಸಿ ಸ್ಪೀಕರು ಹಚ್ಚುತ್ತಲೇ ಅವಳು ಸಿಡಿದಳು.

"ಏಮ್ರಾ ಕೋದಂಡ, ನಿನ್ನ ಮದ್ವೇಲಿ ಸೋಬಾನೆ ಹಾಡಿದ್ದು ಯಾರೋ? ಆಫ್ ಮಾಡ್ಸು ಆ ಡಬ್ಬಾನ!"

ಅವಳೇ ಹೋಗಿ ವೈರು ಕಿತ್ತಳು. ದಿವ್ಯಳ ಮುಂದೆ ಕೂತು, ಎಲ್ಲರೆದುರೇ ಪಂಪು ಎಳೆದು, ಅರಿಶಿಣದ ತಟ್ಟೆಯಲ್ಲಿ ವೀಳ್ಯದೆಲೆಯ ಪಕ್ಕ ಅದನ್ನು ಕುಕ್ಕಿದಳು. ನೋಡುವವರು ಕಣ್ತುಂಬ ನೋಡಿಕೊಳ್ಳಲಿ.

ಸೋಬಾನೆಯಲ್ಲಿ ಒಬ್ಬಳು ಸೊಲ್ಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಉಸಿರು ತೆಗೆದುಕೊಳ್ಳಲು ಅವಳಿಗೆ ಅಷ್ಟು ಬಿಡುವು ಸಾಕು. ಆದರೆ ಪಕ್ಕದ ಮನೆಯ ಸುನಂದ ಕನಿಕರಪಟ್ಟು, ಅವಳಿಗೆ ಇನ್ನಷ್ಟು ಬಿಡುವು ಸಿಗಲೆಂದು ಎಳೆದೆಳೆದು ಹಾಡತೊಡಗಿದಳು.

"ಎಳೀಬೇಡ ಕಣೇ! ನಿನ್ನ ಕನಿಕರ ನಿನ್ನ ಹತ್ರಾನೇ ಇಟ್ಕೋ."

ಸುನಂದ ಎಳೆಯುವುದನ್ನು ಬಿಟ್ಟಳು. ಹಾಡು ನೆಟ್ಟಗೆ ನಡೆಯಿತು. ಇನ್ನೇನು ಕೊನೆಯ ಸೊಲ್ಲು ಎನ್ನುವಾಗ ಕೆಮ್ಮು ಕೇಳಿಸಿತು. ಎಲ್ಲರ ಕಣ್ಣೂ ರಾಮಲಕ್ಷ್ಮಮ್ಮನ ಮೇಲೆ. ಅವಳ ಬಾಯಲ್ಲಿ ಹಾಡಿತ್ತು. ಜಗಲಿಯ ಕಂಬ ಹಿಡಿದು ಬಗ್ಗಿ ಕೆಮ್ಮುತ್ತಿದ್ದವನು ಕೋದಂಡರಾಮಪ್ಪ.

ಅವಳು ಸೊಲ್ಲು ಮುಗಿಸಿಯೇ ಎದ್ದಳು. ಆ ಕೆಮ್ಮು ಅವಳಿಗೆ ಗೊತ್ತು. ಅವಳದ್ದೂ ಹೀಗೇ ಶುರುವಾಗಿತ್ತು. ಹೆದರಿಕೆಯಾಯಿತು, ಅದಕ್ಕೇ ಸಿಟ್ಟು ಇನ್ನೂ ನೆತ್ತಿಗೇರಿತು. ಬೀಡಿ ಕಿತ್ತು ಅಂಗಳಕ್ಕೆಸೆದು ಅವನ ಬೆನ್ನು ನೀವುತ್ತ ಬೈದಳು:

"ಮುಂಡೇದೇ, ನಾಳಿದ್ದು ಧಾರೆ ಮುಗೀಲಿ, ನಿನ್ನ ಕಿವಿ ಹಿಡ್ಕೊಂಡೇ ಕೋಲಾರದ ಬಸ್ಸು ಹತ್ತಿಸ್ತೀನಿ."